ಕ್ಯಾನ್ಸರ್ ಔಷಧದ ಸುಬ್ಬರಾವ್: ಫಾರ್ವರ್ಡ್‌ನಲ್ಲಿ ಎಷ್ಟು ನಿಜ, ಬಿಟ್ಟುಹೋಗಿದ್ದು ಏನು?

ಅಥಣಿ ತಾಲ್ಲೂಕಿನ ಅನಂತಪುರದ ನೆಂಟರ ವಾಟ್ಸ್‌ಆಪ್ ಗುಂಪಿಗೆ ಒಂದು ಸಂದೇಶ ಬಂದಿತ್ತು. ನಿಮಗೂ ಬಂದಿರಬಹುದು. ಕಪ್ಪು-ಬಿಳುಪು ಫೋಟೊ, ಕೆಳಗೆ ಉದ್ದನೆಯ ಬರಹ. ಭಾರತದ ಒಬ್ಬ ವಿಜ್ಞಾನಿ ರಕ್ತದ ಕ್ಯಾನ್ಸರಿಗೆ ಔಷಧ ಕಂಡುಹಿಡಿದರು, ಕೀಮೊಥೆರಪಿ ಹುಟ್ಟಿದ್ದೇ ಅವರಿಂದ, ಟೆಟ್ರಾಸೈಕ್ಲಿನ್ ಕೂಡ ಅವರದೇ, ಅಮೆರಿಕದವರು ಅವರ ಸಂಶೋಧನೆ ಕದ್ದು ನೊಬೆಲ್ ಹೊಡೆದುಕೊಂಡರು, ನಿಜವಾದ ಭಾರತೀಯರಾದರೆ ಶೇರ್ ಮಾಡಿ ಎಂಬುದು ಅದರ ಸಾರಾಂಶ. ಅವರ ಹೆಸರು ಯಲ್ಲಾಪ್ರಗಡ ಸುಬ್ಬರಾವ್.

ಎಲ್ಲರೂ ಕೈಮುಗಿಯುವ ಎಮೋಜಿ ಹಾಕಿದರು. ಒಬ್ಬರು ಮಾತ್ರ ಪ್ರಶ್ನೆ ಕೇಳಿದರು. ಅವರ ಮನೆಯ ಹುಡುಗನಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿ ವಾರವಾಗಿತ್ತು. ಔಷಧವನ್ನು ಆವತ್ತೇ ಕಂಡುಹಿಡಿದಿದ್ದರೆ, ಈಗ ಡಾಕ್ಟರು ಜೀನ್ ರಿಪೋರ್ಟ್ ಬರಲಿ, ಆಮೇಲೆ ಪೂರ್ತಿ ಚಿಕಿತ್ಸೆ ಹೇಳುತ್ತೇವೆ ಎನ್ನುವುದೇಕೆ? ಅದಕ್ಕೆ ಮತ್ತೆ ಹಣ ಕಟ್ಟಿಸಿಕೊಳ್ಳುವುದೇಕೆ?

ಸುಬ್ಬರಾವ್ ಅವರ ಬದುಕನ್ನು ಸರಿಯಾಗಿ ಹೇಳಿದರೆ ಆ ಪ್ರಶ್ನೆಗೆ ಉತ್ತರವೂ ಅದರಲ್ಲೇ ಸಿಗುತ್ತದೆ. ಫಾರ್ವರ್ಡ್ ಬರೆದವರು ಬಿಟ್ಟಿರುವುದು ಅದೇ ಭಾಗವನ್ನು.

ಬಾಳೆಹಣ್ಣು ಮಾರಲು ಹೊರಟ ಹುಡುಗ

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಆಗಿನ ಮದ್ರಾಸ್ ಪ್ರಾಂತ್ಯದ ಭೀಮಾವರಂನಲ್ಲಿ. ಅದು ಇಂದಿನ ಆಂಧ್ರದ ಗೋದಾವರಿ ಸೀಮೆ. ಮನೆಮಾತು ತೆಲುಗು. ಮನೆಯಲ್ಲಿ ಏಳು ಮಕ್ಕಳು. ತಂದೆ ಕಂದಾಯ ಇಲಾಖೆಯ ನೌಕರ, ಆರೋಗ್ಯ ಕೆಟ್ಟು ಬೇಗ ಕೆಲಸ ಬಿಟ್ಟವರು. ಓದಿನಲ್ಲಿ ಹುಡುಗನಿಗೆ ಹೇಳಿಕೊಳ್ಳುವಂಥ ಆಸಕ್ತಿ ಇರಲಿಲ್ಲ. ಹದಿಹರೆಯಕ್ಕೆ ಕಾಲಿಡುವ ವಯಸ್ಸಿನಲ್ಲಿ, ಕಾಶಿಗೆ ಬರುವ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡುತ್ತೇನೆಂದು ಮನೆ ಬಿಟ್ಟು ಓಡಿದ. ದಾರಿಯಲ್ಲೇ ಹಿಡಿದು ವಾಪಸ್ ಕರೆತಂದರು. ತಾಯಿ ವೆಂಕಮ್ಮ ಬಿಡುವವರಲ್ಲ. ಒಡವೆ ಮಾರಿ ಓದಿಸಿದರು. ಮೆಟ್ರಿಕ್ ಪಾಸಾಗಿದ್ದು ಮೂರನೆಯ ಸಲಕ್ಕೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಗುಂಪುಗಳಲ್ಲಿ ಓಡಾಡುವ ಸ್ಫೂರ್ತಿಯ ಸಂದೇಶಗಳಲ್ಲಿ ಈ ವಿಷಯ ಯಾಕೆ ಬರುವುದಿಲ್ಲವೋ.

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಬಂದ ಮೇಲೆ ಸನ್ಯಾಸಿಯಾಗುವ ಮನಸ್ಸಾಯಿತು, ರಾಮಕೃಷ್ಣ ಮಿಷನ್ ಕಡೆ ವಾಲಿದರು. ತಾಯಿ ಒಪ್ಪಲಿಲ್ಲ. ಹಾಗಾದರೆ ವೈದ್ಯನಾಗಿ ಸೇವೆ ಮಾಡು ಎಂಬ ಸಲಹೆ ಬಂತು, ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಫೀಸಿಗೆ ಗೆಳೆಯರು ಮತ್ತು ಮುಂದೆ ಮಾವನಾಗಲಿದ್ದ ಕಸ್ತೂರಿ ಸೂರ್ಯನಾರಾಯಣ ಮೂರ್ತಿ ನೆರವಾದರು. ಗಾಂಧೀಜಿಯ ಕರೆಗೆ ಓಗೊಟ್ಟು ಆಪರೇಷನ್ ಕೋಣೆಗೂ ಖಾದಿ ತೊಟ್ಟು ಹೋದದ್ದು ಶಸ್ತ್ರಚಿಕಿತ್ಸೆಯ ಬ್ರಿಟಿಷ್ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಉಳಿದ ವಿಷಯಗಳಲ್ಲಿ ಚೆನ್ನಾಗಿ ಬರೆದಿದ್ದರೂ ಕೊನೆಗೆ ಕೈಗೆ ಬಂದದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಪದವಿ. ಸರ್ಕಾರಿ ವೈದ್ಯಕೀಯ ಸೇವೆಯ ಬಾಗಿಲು ಮುಚ್ಚಿತು.

ಈ ಅವಧಿಯ ಒಂದು ಘಟನೆಯನ್ನು ಮುಂದಿನ ಕತೆಗಾಗಿ ನೆನಪಿಟ್ಟುಕೊಳ್ಳಿ. ಸ್ಪ್ರೂ ಎಂಬ ಹೊಟ್ಟೆಯ ಕಾಯಿಲೆಯಿಂದ ಅವರ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಸ್ಪ್ರೂ ಬಂದರೆ ತಿಂದದ್ದು ಮೈಗೆ ಹತ್ತುವುದಿಲ್ಲ, ಭೇದಿ ನಿಲ್ಲುವುದಿಲ್ಲ, ರಕ್ತ ಕಡಿಮೆಯಾಗುತ್ತಾ ಹೋಗುತ್ತದೆ. ಅದೇ ಕಾಯಿಲೆ ಸುಬ್ಬರಾವ್ ಅವರನ್ನೂ ಹಿಡಿಯಿತು. ಅವರನ್ನು ಉಳಿಸಿದ್ದು ಆಯುರ್ವೇದ ವೈದ್ಯ ಆಚಂಟ ಲಕ್ಷ್ಮೀಪತಿಯವರ ಚಿಕಿತ್ಸೆ. ಮುಂದೆ ಅವರ ಆಯುರ್ವೇದ ಕಾಲೇಜಿನಲ್ಲೇ ಸುಬ್ಬರಾವ್ ಅಂಗರಚನಾಶಾಸ್ತ್ರದ ಉಪನ್ಯಾಸಕರಾದರು. ಕೆಲವು ಫಾರ್ವರ್ಡ್‌ಗಳು ಇಲ್ಲಿಗೇ ನಿಂತು, ಕ್ಯಾನ್ಸರ್ ಔಷಧದ ಮೂಲ ಆಯುರ್ವೇದ ಎಂದು ಬರೆದುಬಿಡುತ್ತವೆ. ಅದು ಸರಿಯಲ್ಲ. ಆಯುರ್ವೇದದ ಔಷಧಗಳಲ್ಲಿ ಕೆಲಸ ಮಾಡುವ ವಸ್ತು ಯಾವುದು ಎಂದು ಹುಡುಕುವ ಆಸೆ ಅವರಿಗೆ ಹುಟ್ಟಿದ್ದು ನಿಜ. ಆದರೆ ಕ್ಯಾನ್ಸರ್ ಔಷಧ ಹುಟ್ಟಿದ ದಾರಿ ಬೇರೆ, ಅದು ಮುಂದೆ ಬರುತ್ತದೆ.

ರಾತ್ರಿ ಪಾಳಿ, ಹಗಲು ಪ್ರಯೋಗಾಲಯ

1920ರ ದಶಕದ ಆರಂಭದಲ್ಲಿ ಅವರು ಹಡಗು ಹತ್ತಿ ಅಮೆರಿಕದ ಬಾಸ್ಟನ್ ಸೇರಿದರು. ಹಾರ್ವರ್ಡ್‌ನಲ್ಲಿ ಉಷ್ಣವಲಯದ ಕಾಯಿಲೆಗಳ ಡಿಪ್ಲೊಮಾ ಓದಲು ಹೋದದ್ದು. ಸ್ಕಾಲರ್‌ಶಿಪ್ ಇಲ್ಲ, ಅಲ್ಲಿ ವೈದ್ಯನಾಗಿ ಕೆಲಸ ಮಾಡುವ ಪರವಾನಗಿ ಇಲ್ಲ. ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೆಲಸಗಾರನಾದರು: ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವ ಕೆಲಸ. ಮೂರು ವರ್ಷದಲ್ಲಿ ಬರುತ್ತೇನೆಂದು ಹೆಂಡತಿ ಶೇಷಗಿರಿಯವರಿಗೆ ಹೇಳಿ ಹೋಗಿದ್ದರು. ಅವರು ಹೋದ ಮೇಲೆ ಹುಟ್ಟಿದ ಗಂಡುಮಗು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ಸುಬ್ಬರಾವ್ ಮತ್ತೆ ಭಾರತಕ್ಕೆ ಬರಲೇ ಇಲ್ಲ. ಯಾಕೆ ಬರಲಿಲ್ಲ ಎಂಬುದಕ್ಕೆ ಹಲವರು ಹಲವು ಕಾರಣ ಹೇಳುತ್ತಾರೆ. ಮದ್ರಾಸಿನಲ್ಲಿ ಕಾದು ಕುಳಿತ ಆ ಹೆಂಗಸಿನ ಪಾಲಿಗೆ ಯಾವ ಕಾರಣವೂ ಸಾಕಾಗಿರಲಾರದು. ನಮ್ಮ ಹೆಮ್ಮೆಯ ಫಾರ್ವರ್ಡ್‌ಗಳಲ್ಲಿ ಅವರ ಹೆಸರೂ ಇರುವುದಿಲ್ಲ.

ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಎಂಬ ಜೀವರಸಾಯನ ವಿಜ್ಞಾನಿಯ ಜೊತೆ ಕೆಲಸ ಶುರುವಾಯಿತು. ರಕ್ತ ಮತ್ತು ಮೂತ್ರದಲ್ಲಿ ರಂಜಕ, ಅಂದರೆ ಫಾಸ್ಫರಸ್, ಎಷ್ಟಿದೆ ಎಂದು ಬಣ್ಣದ ಸಹಾಯದಿಂದ ಅಳೆಯುವ ವಿಧಾನವನ್ನು ಇಬ್ಬರೂ ಸೇರಿ 1925ರಲ್ಲಿ ಪ್ರಕಟಿಸಿದರು. ಅದಕ್ಕೆ ಫಿಸ್ಕೆ-ಸುಬ್ಬರಾವ್ ವಿಧಾನ ಎಂದೇ ಹೆಸರು. ಜೀವರಸಾಯನ ವಿಜ್ಞಾನ ಓದುವವರು ಆ ಹೆಸರನ್ನು ಈಗಲೂ ಓದುತ್ತಾರೆ. ಆ ವಿಧಾನ ಹಿಡಿದುಕೊಂಡೇ ಸ್ನಾಯುಗಳಲ್ಲಿ ಫಾಸ್ಫೊಕ್ರಿಯೇಟಿನ್ ಎಂಬ ವಸ್ತುವನ್ನು ಕಂಡರು, ಆಮೇಲೆ 1929ರಲ್ಲಿ ಎಟಿಪಿ. ಎಟಿಪಿ ಅಂದರೆ ನಮ್ಮ ಜೀವಕೋಶಗಳಲ್ಲಿ ಶಕ್ತಿಯ ಚಲಾವಣೆ ನಾಣ್ಯ. ಈ ಸಾಲು ಓದಲು ನಿಮ್ಮ ಕಣ್ಣು ಹೊರಳುವುದಕ್ಕೂ ಅದೇ ಬೇಕು.

ಹಾಗಾದರೆ ನೊಬೆಲ್ ಕದ್ದರೇ? ಇಲ್ಲ. ಫಿಸ್ಕೆಗೆ ನೊಬೆಲ್ ಬಂದೇ ಇಲ್ಲ. ಪ್ರಕಟವಾದ ಪ್ರಬಂಧಗಳಲ್ಲಿ ಇಬ್ಬರ ಹೆಸರೂ ಇದೆ. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಹ್‌ಮನ್ ಕೂಡ ಸ್ವತಂತ್ರವಾಗಿ ಎಟಿಪಿ ಕಂಡುಹಿಡಿದಿದ್ದರು. ಆದರೆ ಅನ್ಯಾಯವೇ ಆಗಿಲ್ಲ ಎನ್ನುವಂತೆಯೂ ಇಲ್ಲ. ಸುಬ್ಬರಾವ್ ಬೇರ್ಪಡಿಸಿದ್ದ ಇನ್ನೂ ಕೆಲವು ವಸ್ತುಗಳ ಕೆಲಸ ಫಿಸ್ಕೆಯ ಅಸೂಯೆಯಿಂದ ಬೆಳಕಿಗೆ ಬರಲಿಲ್ಲ, ವರ್ಷಗಳ ನಂತರ ಬೇರೆಯವರು ಅವನ್ನು ಮತ್ತೆ ಕಂಡುಹಿಡಿಯಬೇಕಾಯಿತು ಎಂದು ಅದೇ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದ ಜಾರ್ಜ್ ಹಿಚಿಂಗ್ಸ್ ಮುಂದೆ ಹೇಳಿದ್ದಾರೆ. ಈ ಹಿಚಿಂಗ್ಸ್‌ಗೆ 1988ರಲ್ಲಿ ನೊಬೆಲ್ ಬಂತು. ಅವರ ಹೆಸರು ಈ ಲೇಖನದಲ್ಲಿ ಇನ್ನೊಮ್ಮೆ ಬರುತ್ತದೆ. 1930ರಲ್ಲಿ ಪಿಎಚ್‌ಡಿ ಸಿಕ್ಕರೂ ಹಾರ್ವರ್ಡ್ ಸುಬ್ಬರಾವ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಎಂಬ ಔಷಧ ಕಂಪನಿಗೆ ಹೋದರು, ಸ್ವಲ್ಪ ಕಾಲದಲ್ಲೇ ಅಲ್ಲಿನ ಸಂಶೋಧನಾ ನಿರ್ದೇಶಕರಾದರು.

ಟೆಟ್ರಾಸೈಕ್ಲಿನ್ ವಿಷಯವನ್ನೂ ಇಲ್ಲೇ ಮುಗಿಸಿಬಿಡೋಣ. ಆ ಗುಂಪಿನ ಮೊದಲ ಔಷಧ ಆರಿಯೊಮೈಸಿನ್. ಮಣ್ಣಿನ ಸೂಕ್ಷ್ಮಜೀವಿಯಿಂದ ಅದನ್ನು ಹುಡುಕಿ ತೆಗೆದವರು ಬೆಂಜಮಿನ್ ಡಗ್ಗರ್ ಎಂಬ ವಯಸ್ಸಾದ ಸಸ್ಯವಿಜ್ಞಾನಿ. ಅವರು ಕೆಲಸ ಮಾಡಿದ್ದು ಸುಬ್ಬರಾವ್ ನಿರ್ದೇಶನದ ವಿಭಾಗದಲ್ಲಿ. ಆನೆಕಾಲು ರೋಗದ ಡಿಇಸಿ ಮಾತ್ರೆಯೂ ಅದೇ ಪ್ರಯೋಗಾಲಯದ್ದು, ಅದು ಬಂದದ್ದು 1947ರಲ್ಲಿ. ಅಥಣಿಯಿಂದ ಪೂರ್ವಕ್ಕೆ ಹೋದರೆ ಸಿಗುವ ವಿಜಯಪುರ, ಬಾಗಲಕೋಟೆ, ಕಲಬುರಗಿ ಜಿಲ್ಲೆಗಳಲ್ಲಿ ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ಎದುರಿಗೇ ನುಂಗಿಸುತ್ತಿದ್ದ ಮಾತ್ರೆ ಅದೇ. ಕ್ಯಾನ್ಸರ್ ಔಷಧಕ್ಕಿಂತ ಹೆಚ್ಚು ಕನ್ನಡಿಗರ ಹೊಟ್ಟೆ ಸೇರಿದ್ದು ಬಹುಶಃ ಸುಬ್ಬರಾವ್ ತಂಡದ ಈ ಮಾತ್ರೆ.

ವಿಟಮಿನ್ ಹುಡುಕಲು ಹೋಗಿ ಸಿಕ್ಕಿದ್ದು

ಈಗ ಸ್ಪ್ರೂ ಕಾಯಿಲೆಯನ್ನು ನೆನಪಿಸಿಕೊಳ್ಳಿ. ಅದರಲ್ಲಿ ರಕ್ತ ಕಡಿಮೆಯಾಗುವುದಕ್ಕೆ ಒಂದು ಮುಖ್ಯ ಕಾರಣ ಫೋಲಿಕ್ ಆಮ್ಲದ ಕೊರತೆ. ಆಗ ಅದಿನ್ನೂ ಯಾರಿಗೂ ಗೊತ್ತಿರಲಿಲ್ಲ. ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಮುಂಬೈಗೆ ಬಂದು, ಗಿರಣಿಗಳಲ್ಲಿ ದುಡಿಯುವ ಗರ್ಭಿಣಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿ, ಯೀಸ್ಟ್ ಸಾರ ಕೊಟ್ಟರೆ ಅದು ವಾಸಿಯಾಗುತ್ತದೆ ಎಂದು 1931ರಲ್ಲಿ ತೋರಿಸಿದ್ದರು. ಆ ಸಾರದಲ್ಲಿ ಇದ್ದದ್ದು ಏನು ಎಂಬುದೇ ಪ್ರಶ್ನೆ. ಸುಬ್ಬರಾವ್ ಹಾರ್ವರ್ಡ್‌ನಲ್ಲಿದ್ದಾಗಲೇ ಪಿತ್ತಜನಕಾಂಗದ ಸಾರದಲ್ಲಿ ರಕ್ತ ಹೆಚ್ಚಿಸುವ ವಸ್ತುವನ್ನು ಹುಡುಕುತ್ತಿದ್ದರು. ಲೆಡರ್ಲೆಯಲ್ಲಿ ಅವರ ದೊಡ್ಡ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲೇ ತಯಾರಿಸಿತು. ಆಶಾ ಕಾರ್ಯಕರ್ತೆ ಗರ್ಭಿಣಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಜೊತೆಗಿರುವುದು ಇದೇ ಫೋಲಿಕ್ ಆಮ್ಲ. ಅದು ಉಷ್ಣ, ಮಗು ಕಪ್ಪಾಗುತ್ತದೆ ಎಂದು ಮಾತ್ರೆಯನ್ನು ಡಬ್ಬಿಯಲ್ಲೇ ಇಡುವವರು ಇನ್ನೂ ಇದ್ದಾರೆ. ಮಾತ್ರೆಗೂ ಮಗುವಿನ ಬಣ್ಣಕ್ಕೂ ಸಂಬಂಧವಿಲ್ಲ.

ಅದೇ ಹೊತ್ತಿಗೆ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಬಂದ ಮಕ್ಕಳನ್ನು ನೋಡುತ್ತಿದ್ದರು. ನೋಡುತ್ತಿದ್ದರು ಅಷ್ಟೆ, ಏಕೆಂದರೆ ಆಗ ಚಿಕಿತ್ಸೆಯೇ ಇರಲಿಲ್ಲ. ತೀವ್ರ ಲ್ಯುಕೇಮಿಯಾ ಬಂದ ಮಗು ಕೆಲವು ವಾರ ಅಥವಾ ತಿಂಗಳುಗಳಲ್ಲಿ ತೀರಿಕೊಳ್ಳುತ್ತಿತ್ತು. ಲೆಡರ್ಲೆಯಿಂದ ಬಂದ, ಫೋಲಿಕ್ ಆಮ್ಲದ ಜಾತಿಯ ವಸ್ತುಗಳನ್ನು ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದಾಗ ಲ್ಯುಕೇಮಿಯಾ ಇಳಿಯುವ ಬದಲು ವೇಗವಾಗಿ ಹೆಚ್ಚಿದಂತೆ ಫಾರ್ಬರ್‌ಗೆ ಕಂಡಿತು. ಅಲ್ಲಿಂದ ಅವರ ತರ್ಕ ತಿರುಗಿತು. ಫೋಲಿಕ್ ಆಮ್ಲ ಕ್ಯಾನ್ಸರ್ ಕೋಶಗಳಿಗೆ ಗೊಬ್ಬರವಾದರೆ, ಆ ಗೊಬ್ಬರವನ್ನು ತಡೆಯುವ ವಸ್ತು ಕೊಟ್ಟರೆ?

ಅಂಥ ವಸ್ತುಗಳು ಲೆಡರ್ಲೆಯಲ್ಲಿ ತಯಾರಾಗುತ್ತಿದ್ದವು. ಅವುಗಳಲ್ಲಿ ಒಂದು ಅಮಿನೊಪ್ಟೆರಿನ್, ಅದನ್ನು ತಯಾರಿಸಿದವರಲ್ಲಿ ಪ್ರಮುಖರು ಡೋರಿಸ್ ಸೀಗರ್ ಎಂಬ ರಸಾಯನ ವಿಜ್ಞಾನಿ. ಅದರ ತಮ್ಮನಂತೆ ಬಂದದ್ದು ಮೆಥೊಟ್ರೆಕ್ಸೇಟ್. ಸುಬ್ಬರಾವ್ ಒಬ್ಬರೇ ಕುಳಿತು ಕಂಡುಹಿಡಿದದ್ದಲ್ಲ, ಅವರು ತಂಡವನ್ನು ಕಟ್ಟಿ, ದಾರಿ ತೋರಿಸಿ, ಔಷಧ ಫಾರ್ಬರ್ ಕೈಸೇರುವಂತೆ ನೋಡಿಕೊಂಡವರು. ಕೀಮೊಥೆರಪಿ ಪೂರ್ತಿಯಾಗಿ ಅವರಿಂದಲೇ ಹುಟ್ಟಿತು ಎನ್ನುವುದೂ ತಪ್ಪು. 1942ರಲ್ಲೇ ಅಮೆರಿಕದ ಯೇಲ್‌ನಲ್ಲಿ ದುಗ್ಧಗ್ರಂಥಿಯ ಕ್ಯಾನ್ಸರಿಗೆ ನೈಟ್ರೋಜನ್ ಮಸ್ಟರ್ಡ್ ಬಳಸಿದ್ದರು. ಹೀಗೆ ಹೇಳಿದರೆ ಸುಬ್ಬರಾವ್ ಸಣ್ಣವರಾಗುವುದಿಲ್ಲ.

ಔಷಧ ಕೆಲಸ ಮಾಡುವ ಬಗೆ ನಮ್ಮ ಕಡೆಯವರಿಗೆ ಸುಲಭವಾಗಿ ಗೊತ್ತಾಗುತ್ತದೆ. ಗಾಣಕ್ಕೆ ಕಬ್ಬು ಹಾಕುತ್ತಿದ್ದೀರಿ. ನಡುವೆ ಕಬ್ಬಿನಷ್ಟೇ ದಪ್ಪದ ಕಬ್ಬಿಣದ ಸಲಾಕೆ ಸೇರಿಹೋಯಿತು. ಗಾಣ ಅದನ್ನು ಕಚ್ಚಿ ನಿಂತುಬಿಡುತ್ತದೆ, ಹಿಂದೆ ಎಷ್ಟು ಕಬ್ಬಿದ್ದರೂ ರಸ ಬರುವುದಿಲ್ಲ. ಜೀವಕೋಶ ಎರಡಾಗಬೇಕಾದರೆ ಹೊಸ ಡಿಎನ್‌ಎ ಬೇಕು, ಡಿಎನ್‌ಎ ಕಟ್ಟಲು ಫೋಲಿಕ್ ಆಮ್ಲವನ್ನು ಅರೆಯುವ ಒಂದು ಕಿಣ್ವ ಬೇಕು. ಮೆಥೊಟ್ರೆಕ್ಸೇಟ್ ನೋಡಲು ಫೋಲಿಕ್ ಆಮ್ಲದಂತೆಯೇ ಇರುತ್ತದೆ, ಆದರೆ ಆ ಕಿಣ್ವದಲ್ಲಿ ಸಿಕ್ಕಿಹಾಕಿಕೊಂಡು ಕೂರುತ್ತದೆ. ವೇಗವಾಗಿ ಎರಡಾಗುವ ಕ್ಯಾನ್ಸರ್ ಕೋಶಕ್ಕೆ ಮೊದಲ ಏಟು. ಬಾಯಿಯ ಒಳಪದರ ಮತ್ತು ಮಜ್ಜೆಯ ಒಳ್ಳೆಯ ಕೋಶಗಳೂ ವೇಗವಾಗಿ ಹುಟ್ಟುವುದರಿಂದ ಅವಕ್ಕೂ ಏಟು. ಬಾಯಿ ಹುಣ್ಣು, ರಕ್ತಕಣ ಕಡಿಮೆಯಾಗುವುದು ಇದರಿಂದಲೇ.

16 ಮಕ್ಕಳು, 10 ಮಕ್ಕಳು

1947ರ ಕೊನೆಯಲ್ಲಿ ಫಾರ್ಬರ್ ಅಮಿನೊಪ್ಟೆರಿನ್ ಕೊಡಲು ಶುರುಮಾಡಿದರು. 1948ರ ಜೂನ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. 16 ಮಕ್ಕಳಿಗೆ ಕೊಟ್ಟಿದ್ದರು, 10 ಮಕ್ಕಳಲ್ಲಿ ಕಾಯಿಲೆ ಇಳಿಯಿತು. ಏಳಲಾರದ ಮಕ್ಕಳು ಎದ್ದು ಆಡಿದರು. ಆದರೆ ಯಾರಿಗೂ ಪೂರ್ತಿ ವಾಸಿಯಾಗಲಿಲ್ಲ. ಕಾಯಿಲೆ ಮತ್ತೆ ಬಂತು. ಈ ಪ್ರಬಂಧ ಬಂದು ಎರಡು ತಿಂಗಳಿಗೆ, 1948ರ ಆಗಸ್ಟ್‌ನಲ್ಲಿ, ಸುಬ್ಬರಾವ್ ತಮ್ಮ ಮನೆಯಲ್ಲಿ ನಿದ್ದೆಯಲ್ಲೇ ಹೃದಯ ನಿಂತು ತೀರಿಕೊಂಡರು. ವಯಸ್ಸು 53. ಅಮೆರಿಕದ ಪೌರತ್ವ ಪಡೆಯುವ ಅವಕಾಶ 1946ರ ಕಾನೂನಿನಿಂದ ಭಾರತೀಯರಿಗೆ ಸಿಕ್ಕಿದ್ದರೂ ಅವರು ಪಡೆದಿರಲಿಲ್ಲ.

ಫಾರ್ವರ್ಡ್‌ಗಳು ಇಲ್ಲಿಗೆ ಮುಗಿಯುತ್ತವೆ. ನಮ್ಮ ಗುಂಪಿನಲ್ಲಿ ಬಂದ ಪ್ರಶ್ನೆ ಶುರುವಾಗುವುದು ಇಲ್ಲಿಂದ. 16ರಲ್ಲಿ 10 ಮಕ್ಕಳಿಗೆ ಔಷಧ ಹಿಡಿಯಿತು. ಉಳಿದ 6 ಮಕ್ಕಳಿಗೆ ಯಾಕೆ ಹಿಡಿಯಲಿಲ್ಲ? ಒಂದೇ ಕಾಯಿಲೆಯ ಹೆಸರು, ಒಂದೇ ಔಷಧ, ಒಬ್ಬರೇ ವೈದ್ಯರು. ಇವತ್ತಿನ ಜೀನ್ ರಿಪೋರ್ಟ್ ಅಂದರೆ ಆ ಪ್ರಶ್ನೆಗೆ ಮೊದಲೇ ಉತ್ತರ ಹುಡುಕುವ ಪ್ರಯತ್ನ.

ಮೊದಲ ಸುಳಿವು ಸಿಕ್ಕಿದ್ದು ರಕ್ತದ ಕ್ಯಾನ್ಸರಿನಲ್ಲಲ್ಲ. 1956ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಮಿನ್ ಚಿಯು ಲಿ ಮತ್ತು ರಾಯ್ ಹರ್ಟ್ಸ್, ಗರ್ಭದ ಮಾಸಿನಿಂದ ಹುಟ್ಟುವ ಒಂದು ಕ್ಯಾನ್ಸರಿಗೆ ಮೆಥೊಟ್ರೆಕ್ಸೇಟ್ ಕೊಟ್ಟರು. ಆ ಕ್ಯಾನ್ಸರ್ ಎಚ್‌ಸಿಜಿ ಎಂಬ ಹಾರ್ಮೋನ್ ಸುರಿಸುತ್ತದೆ, ಮನೆಯಲ್ಲಿ ಗರ್ಭ ಪರೀಕ್ಷೆಯ ಕಡ್ಡಿ ಪತ್ತೆಹಚ್ಚುವುದೂ ಅದನ್ನೇ. ಎಕ್ಸ್‌ರೇಯಲ್ಲಿ ಗಡ್ಡೆ ಮಾಯವಾದರೂ ಹಾರ್ಮೋನ್ ಸ್ವಲ್ಪ ಉಳಿದಿದ್ದರೆ ಲಿ ಔಷಧ ನಿಲ್ಲಿಸುತ್ತಿರಲಿಲ್ಲ. ಕಾಣದ ಕಾಯಿಲೆಗೆ ವಿಷ ಕೊಡುತ್ತಿದ್ದಾರೆ ಎಂದು ಮೇಲಿನವರು ಅವರನ್ನು ಸಂಸ್ಥೆಯಿಂದಲೇ ಕಳಿಸಿದರು. ಕೊನೆಗೆ ಕಾಯಿಲೆ ಮರುಕಳಿಸದೆ ಉಳಿದವರು ಲಿ ಹೇಳಿದಷ್ಟು ದಿನ ಔಷಧ ಪಡೆದ ರೋಗಿಗಳು. ಕಣ್ಣಿಗೆ ಕಾಣದ್ದನ್ನು ಒಂದು ಅಣುವಿನ ಲೆಕ್ಕದಿಂದ ಹಿಂಬಾಲಿಸುವ ಪಾಠ ಹೀಗೆ ಸುಬ್ಬರಾವ್ ತಂಡದ ಔಷಧದ ಜೊತೆಗೇ ಬಂತು.

ರಿಪೋರ್ಟ್‌ನಲ್ಲಿ ಏನು ನೋಡುತ್ತಾರೆ?

ನಮ್ಮ ಪ್ರತಿ ಜೀವಕೋಶದಲ್ಲಿ 46 ವರ್ಣತಂತುಗಳಿವೆ. ಲ್ಯುಕೇಮಿಯಾ ಬಂದ ಕೆಲವು ಮಕ್ಕಳ ಕ್ಯಾನ್ಸರ್ ಕೋಶಗಳಲ್ಲಿ ಅವು 50ಕ್ಕೂ ಹೆಚ್ಚು ಇರುತ್ತವೆ. ಕೇಳಿದರೆ ಭಯವಾಗುತ್ತದೆ, ಆದರೆ ಇದು ಸಾಮಾನ್ಯವಾಗಿ ಒಳ್ಳೆಯ ಸುದ್ದಿ. ಹೆಚ್ಚುವರಿಯಾಗಿ ಬರುವ ವರ್ಣತಂತುಗಳಲ್ಲಿ 21ನೆಯದು ಸಾಮಾನ್ಯವಾಗಿ ಇರುತ್ತದೆ. ಫೋಲಿಕ್ ಆಮ್ಲವನ್ನು ಕೋಶದೊಳಗೆ ಎಳೆದುಕೊಳ್ಳುವ ಬಾಗಿಲಿನ ಜೀನ್ ಇರುವುದು ಅದೇ 21ನೆಯದರಲ್ಲಿ. ಬಾಗಿಲು ಹೆಚ್ಚಾದರೆ ಫೋಲಿಕ್ ಆಮ್ಲದ ವೇಷ ಹಾಕಿದ ಮೆಥೊಟ್ರೆಕ್ಸೇಟ್ ಕೂಡ ಹೆಚ್ಚು ಒಳಗೆ ಬರುತ್ತದೆ. ಅಂಥ ಕೋಶಗಳಲ್ಲಿ ಔಷಧ ಹೆಚ್ಚು ಶೇಖರವಾಗುವುದನ್ನು ಸಂಶೋಧಕರು ಅಳೆದು ತೋರಿಸಿದ್ದಾರೆ. ತನ್ನ ದುರಾಸೆಯಿಂದಲೇ ಕೆಡುವ ಕ್ಯಾನ್ಸರ್. ಇದೇ ಕಾರಣಕ್ಕೆ, ಡೌನ್ ಸಿಂಡ್ರೋಮ್ ಇರುವ ಮಗುವಿಗೆ, ಅಂದರೆ ಎಲ್ಲ ಕೋಶಗಳಲ್ಲೂ ಒಂದು ಹೆಚ್ಚುವರಿ 21 ಇರುವ ಮಗುವಿಗೆ, ಈ ಔಷಧದ ಅಡ್ಡಪರಿಣಾಮ ಹೆಚ್ಚಾಗುವ ಸಂಭವವಿದೆ. ವೈದ್ಯರು ಹೆಚ್ಚು ಎಚ್ಚರದಿಂದ ಕೊಡುತ್ತಾರೆ.

ಇನ್ನೊಂದು ಗುರುತು ಫಿಲಡೆಲ್ಫಿಯಾ ವರ್ಣತಂತು. ಆ ಊರಿನಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ 1960ರಲ್ಲಿ ಕಂಡದ್ದಕ್ಕೆ ಆ ಹೆಸರು. 9 ಮತ್ತು 22ನೆಯ ವರ್ಣತಂತುಗಳು ತುಂಡಾಗಿ ತುದಿಗಳನ್ನು ಅದಲುಬದಲು ಮಾಡಿಕೊಂಡಿರುತ್ತವೆ ಎಂದು ಜಾನೆಟ್ ರೌಲಿ 1973ರಲ್ಲಿ ತೋರಿಸಿದರು. ಹಾಗೆ ಅಂಟಿಕೊಂಡ ಎರಡು ಜೀನ್‌ಗಳಿಂದ ಬಿಸಿಆರ್-ಎಬಿಎಲ್ ಎಂಬ ಹೊಸ ಪ್ರೋಟೀನ್ ಹುಟ್ಟಿ, ಕೋಶಕ್ಕೆ ಬೆಳೆ ಬೆಳೆ ಎಂದು ಬಿಡದೆ ಹೇಳುತ್ತಿರುತ್ತದೆ. ಮಕ್ಕಳ ತೀವ್ರ ಲ್ಯುಕೇಮಿಯಾದಲ್ಲಿ ನೂರಕ್ಕೆ 3ರಿಂದ 5 ಮಕ್ಕಳಲ್ಲಿ ಇದು ಸಿಗುತ್ತದೆ. ಬರೀ ಹಳೆಯ ಕೀಮೊ ಕೊಟ್ಟರೆ ಇವರಲ್ಲಿ ಫಲಿತಾಂಶ ಕೆಟ್ಟದಾಗಿತ್ತು. ಆ ಪ್ರೋಟೀನನ್ನೇ ಗುರಿಯಿಡುವ ಇಮಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ 2001ರಲ್ಲಿ ಅನುಮತಿ ಸಿಕ್ಕಿತು. ಅಂಥ ಔಷಧವನ್ನು ಕೀಮೊ ಜೊತೆ ಸೇರಿಸಿದ ಮೇಲೆ ಈ ಮಕ್ಕಳ ಫಲಿತಾಂಶ ಬಹಳ ಸುಧಾರಿಸಿದೆ. ಆದರೆ ಈ ಗುರುತು ಇಲ್ಲದ ಮಗುವಿಗೆ ಇಮಾಟಿನಿಬ್ ಕೊಟ್ಟರೆ ಉಪಯೋಗವಿಲ್ಲ. ಅಂದರೆ ರಿಪೋರ್ಟ್ ನೋಡದೆ ಹೇಳುವುದು ಸಾಧ್ಯವೇ ಇಲ್ಲ.

ದೊಡ್ಡವರಲ್ಲಿ ಬರುವ ನಿಧಾನಗತಿಯ ಲ್ಯುಕೇಮಿಯಾದಲ್ಲಿ, ಅಂದರೆ ಸಿಎಂಎಲ್‌ನಲ್ಲಿ, ಇದೇ ಗುರುತು ಬಹುತೇಕ ಎಲ್ಲರಲ್ಲೂ ಇರುತ್ತದೆ. ಮಾತ್ರೆ ಶುರುವಾದ ಮೇಲೆ ರಕ್ತದಲ್ಲಿ ಬಿಸಿಆರ್-ಎಬಿಎಲ್ ಎಷ್ಟು ಉಳಿದಿದೆ ಎಂದು ಮೂರು ತಿಂಗಳಿಗೊಮ್ಮೆ ಅಳೆಯುತ್ತಾರೆ. ಮೂರು ತಿಂಗಳಿಗೆ ಶೇ 10ರೊಳಗೆ, ಆರು ತಿಂಗಳಿಗೆ ಶೇ 1ರೊಳಗೆ, ವರ್ಷಕ್ಕೆ ಶೇ 0.1ರೊಳಗೆ ಬಂದರೆ ಔಷಧ ಹಿಡಿಯುತ್ತಿದೆ ಎಂದರ್ಥ. ಇಳಿಯದಿದ್ದರೆ ಮೊದಲು ಕೇಳುವ ಪ್ರಶ್ನೆ, ಮಾತ್ರೆ ದಿನವೂ ತಪ್ಪದೆ ತೆಗೆದುಕೊಂಡಿರಾ ಎಂಬುದು. ಮೈ ಚೆನ್ನಾಗಿದೆ, ಕಬ್ಬಿನ ಸುಗ್ಗಿ ಇದೆ ಎಂದು ತಿಂಗಳುಗಟ್ಟಲೆ ಮಾತ್ರೆ ಬಿಡುವವರೇ ಹೆಚ್ಚು ಅಪಾಯಕ್ಕೆ ಸಿಲುಕುತ್ತಾರೆ. ತೆಗೆದುಕೊಂಡೂ ಇಳಿಯದಿದ್ದರೆ, ಜೀನ್‌ನಲ್ಲಿ ಹೊಸ ಬದಲಾವಣೆ ಆಗಿದೆಯೇ ಎಂದು ನೋಡಿ ಔಷಧ ಬದಲಿಸುತ್ತಾರೆ.

ಇವೆಲ್ಲ ಕ್ಯಾನ್ಸರ್ ಕೋಶದ ಜೀನ್‌ಗಳು. ರೋಗಿಯ ಸ್ವಂತ ಜೀನ್ ನೋಡುವ ಪರೀಕ್ಷೆ ಬೇರೆ. ಹಿಚಿಂಗ್ಸ್ ಇಲ್ಲಿ ಮತ್ತೆ ಬರುತ್ತಾರೆ. ಅವರು ಮತ್ತು ಗರ್ಟ್ರೂಡ್ ಎಲಿಯನ್ ತಯಾರಿಸಿದ 6-ಎಂಪಿ ಮಾತ್ರೆಯನ್ನು ಲ್ಯುಕೇಮಿಯಾ ಮಕ್ಕಳಿಗೆ ಮೆಥೊಟ್ರೆಕ್ಸೇಟ್ ಜೊತೆಗೇ ವರ್ಷಗಟ್ಟಲೆ ಕೊಡುತ್ತಾರೆ. ಎನ್‌ಯುಡಿಟಿ15 ಎಂಬ ಜೀನ್‌ನಲ್ಲಿ ಒಂದು ಸಣ್ಣ ವ್ಯತ್ಯಾಸ ಇರುವ ಮಕ್ಕಳಿಗೆ 6-ಎಂಪಿ ಮಾಮೂಲಿ ಪ್ರಮಾಣದಲ್ಲಿ ಕೊಟ್ಟರೆ ಬಿಳಿ ರಕ್ತಕಣಗಳು ಅಪಾಯದ ಮಟ್ಟಕ್ಕೆ ಕುಸಿಯುತ್ತವೆ. ತಂದೆ ತಾಯಿ ಇಬ್ಬರಿಂದಲೂ ಆ ವ್ಯತ್ಯಾಸ ಬಂದಿದ್ದರೆ ತೀರಾ ಕಡಿಮೆ ಪ್ರಮಾಣ ಸಾಕು. ಯುರೋಪಿನವರಿಗಿಂತ ಏಷ್ಯಾದವರಲ್ಲಿ, ನಮ್ಮಲ್ಲೂ ಸೇರಿ, ಇದು ಹೆಚ್ಚು ಕಾಣುತ್ತದೆ. 2014ರ ನಂತರವಷ್ಟೇ ತಿಳಿದ ಸಂಗತಿ ಇದು. ಅದಕ್ಕೆ ಮುಂಚೆ ಯಾಕೆ ಈ ಮಗುವಿಗೆ ಮಾತ್ರ ಔಷಧ ತಡೆಯುತ್ತಿಲ್ಲ ಎಂದು ಎಷ್ಟು ತಂದೆತಾಯಿ ದೇವರನ್ನು ಕೇಳಿಕೊಂಡಿದ್ದಾರೋ.

ಇದು ಮನೆತನದ ಕಾಯಿಲೆಯೇ?

ಜೀನ್ ಎಂಬ ಪದ ಕೇಳಿದ ಕೂಡಲೇ ಊರಲ್ಲಿ ಇನ್ನೊಂದು ಮಾತು ಹುಟ್ಟುತ್ತದೆ: ಆ ಮನೆಯ ರಕ್ತದಲ್ಲೇ ಇದೆ, ಹೆಣ್ಣು ಕೊಡಬೇಡಿ, ತರಬೇಡಿ. ಮೇಲೆ ಹೇಳಿದ ಫಿಲಡೆಲ್ಫಿಯಾ ವರ್ಣತಂತು, 50ಕ್ಕೂ ಹೆಚ್ಚು ವರ್ಣತಂತುಗಳ ಗುರುತು, ಇವು ತಂದೆತಾಯಿಯಿಂದ ಬಂದವಲ್ಲ. ಆ ವ್ಯಕ್ತಿಯ ಮಜ್ಜೆಯ ಒಂದು ಕೋಶದಲ್ಲಿ ಆದ ತಪ್ಪು, ಆ ಕೋಶದ ಸಂತಾನದಲ್ಲಿ ಮಾತ್ರ ಇರುತ್ತದೆ. ಅಣ್ಣ ತಂಗಿಯರಿಗೆ ಹರಡುವುದಿಲ್ಲ, ಮುಂದಿನ ಮಕ್ಕಳಿಗೂ ಹೋಗುವುದಿಲ್ಲ. ವಂಶದಿಂದ ಬರುವ ಅಪರೂಪದ ಲ್ಯುಕೇಮಿಯಾಗಳೂ ಇವೆ, ಅಂಥ ಅನುಮಾನ ಇದ್ದರೆ ವೈದ್ಯರೇ ಮನೆಯವರನ್ನು ಕರೆದು ಹೇಳುತ್ತಾರೆ. ಎನ್‌ಯುಡಿಟಿ15 ವ್ಯತ್ಯಾಸ ಮಾತ್ರ ತಂದೆತಾಯಿಯಿಂದ ಬರುವಂಥದ್ದು, ಆದರೆ ಅದು ಕ್ಯಾನ್ಸರ್ ತರುವುದಿಲ್ಲ, 6-ಎಂಪಿಯಂಥ ಕೆಲವು ಔಷಧ ತೆಗೆದುಕೊಳ್ಳುವಾಗಷ್ಟೇ ಅದು ಮುಖ್ಯ.

ಮೆಥೊಟ್ರೆಕ್ಸೇಟ್ ಬಗ್ಗೆ ಇನ್ನೆರಡು ಮಾತು. ಸಂಧಿವಾತ, ಸೋರಿಯಾಸಿಸ್‌ಗೂ ಇದನ್ನು ಕಡಿಮೆ ಪ್ರಮಾಣದಲ್ಲಿ ಬರೆದುಕೊಡುತ್ತಾರೆ, ಆದ್ದರಿಂದ ನಿಮ್ಮ ಮನೆಯಲ್ಲೇ ಇರಬಹುದು. ಸಂಧಿವಾತಕ್ಕೆ ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಮರೆತು ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಓದಲು ಬಾರದ ಹಿರಿಯರಿದ್ದರೆ ಮಾತ್ರೆಯ ಪಟ್ಟಿಯ ಮೇಲೆ ವಾರದ ಆ ದಿನದ ಗುರುತು ಹಾಕಿ ಕೊಡಿ. ಗರ್ಭಿಣಿಯರು ಇದನ್ನು ತೆಗೆದುಕೊಳ್ಳುವಂತಿಲ್ಲ. ಇನ್ನು, ಕ್ಯಾನ್ಸರಿಗೆ ಈ ಔಷಧ ನಡೆಯುತ್ತಿರುವಾಗ ಶಕ್ತಿ ಬರಲಿ ಎಂದು ಅಂಗಡಿಯಿಂದ ವಿಟಮಿನ್ ಮಾತ್ರೆ ತಂದುಕೊಡುವ ಮೊದಲು ವೈದ್ಯರನ್ನು ಕೇಳಿ. ಅದರಲ್ಲಿ ಫೋಲಿಕ್ ಆಮ್ಲ ಇರಬಹುದು, ಫಾರ್ಬರ್ ಕತೆ ಓದಿದ ನಿಮಗೆ ಕಾರಣ ಗೊತ್ತು. ಸಂಧಿವಾತದವರಿಗೆ ವೈದ್ಯರೇ ಫೋಲಿಕ್ ಆಮ್ಲ ಬರೆದಿದ್ದರೆ ಅದನ್ನು ಬಿಡಬೇಡಿ, ಅದು ಅಡ್ಡಪರಿಣಾಮ ತಗ್ಗಿಸಲು ಕೊಟ್ಟದ್ದು.

ಗುಂಪಿನಲ್ಲಿ ಪ್ರಶ್ನೆ ಕೇಳಿದವರಿಗೆ ನಾನು ಬರೆದದ್ದು ಇಷ್ಟು. ರಿಪೋರ್ಟ್‌ಗೆ ಕಾಯುವುದು ಎಂದರೆ ಚಿಕಿತ್ಸೆ ನಿಲ್ಲಿಸಿ ಕಾಯುವುದಲ್ಲ. ಮಕ್ಕಳ ಲ್ಯುಕೇಮಿಯಾದಲ್ಲಿ ಮೊದಲ ಹಂತದ ಔಷಧಗಳು ಸಾಮಾನ್ಯವಾಗಿ ಬೇಗ ಶುರುವಾಗುತ್ತವೆ, ಜೀನ್ ಫಲಿತಾಂಶ ಬಂದ ಮೇಲೆ ಯಾವುದನ್ನು ಸೇರಿಸಬೇಕು, ಎಷ್ಟು ಜೋರಾಗಿ ಕೊಡಬೇಕು ಎಂದು ತೀರ್ಮಾನಿಸುತ್ತಾರೆ. ಮೊದಲ ತಿಂಗಳ ಕೊನೆಗೆ ಮಜ್ಜೆಯನ್ನು ಮತ್ತೊಮ್ಮೆ ತೆಗೆದು, ಹತ್ತು ಸಾವಿರ ಕೋಶಗಳಲ್ಲಿ ಒಂದಾದರೂ ಕ್ಯಾನ್ಸರ್ ಕೋಶ ಉಳಿದಿದೆಯೇ ಎಂದು ನೋಡುತ್ತಾರೆ. ಆ ಪರೀಕ್ಷೆಯ ದಿನ ತಪ್ಪಿಸಬೇಡಿ. ರಿಪೋರ್ಟ್‌ನ ಮೂಲ ಪ್ರತಿ ಕೇಳಿ ಪಡೆದು ಇಟ್ಟುಕೊಳ್ಳಿ. ಮಿರಜ್‌ಗೆ ಹೋದರೂ, ಬೆಳಗಾವಿಗೆ ಹೋದರೂ, ಬೆಂಗಳೂರಿನ ಕಿದ್ವಾಯಿಗೆ ಹೋದರೂ ಅದು ಜೊತೆಗಿರಲಿ. ಅದರಲ್ಲಿ ಫಿಶ್ ಎಂದು ಬರೆದಿದ್ದರೆ ಗಾಬರಿಯಾಗಬೇಡಿ, ಅದು ಮೀನಲ್ಲ, ವರ್ಣತಂತುಗಳಿಗೆ ಹೊಳೆಯುವ ಬಣ್ಣ ಹಚ್ಚಿ ನೋಡುವ ಪರೀಕ್ಷೆ.

ಅವರು ಮರುದಿನ ಇನ್ನೊಂದು ಪ್ರಶ್ನೆ ಕಳಿಸಿದರು. ಹುಡುಗನ ಔಷಧ ಚೀಟಿಯ ಫೋಟೊ ತೆಗೆದು, ಅದರಲ್ಲಿ ಆ ಸುಬ್ಬರಾಯರ ಔಷಧ ಯಾವುದು ಎಂದು ಕೇಳಿದ್ದರು. ಮೂರನೆಯ ಸಾಲಿನಲ್ಲಿತ್ತು.